ಶಾಂಪೋಲಿಯನ್ ಪಂಡಿತನೂ ಈಜಿಪ್ತದ ಪ್ರಾಚೀನ ಧರ್ಮವೂ

ಅನ್ಯರ ಧರ್ಮವನ್ನು ಅರಿಯದೆ ಹಳಿಯುವುದು ಸುಲಭವು. ಅರಿಯದೆಯೇ ಹೊಗಳುವುದೂ ಅಷ್ಟೇ ಸುಲಭವು. ಆ ಧರ್ಮದವರು ತಮ್ಮ ದೇವರನ್ನು ಯಾವ ನುಡಿಯಿಂದ ಕರೆದರೋ ಆ ನುಡಿಯನ್ನು ಕಲಿತು, ಅವರು ಬರೆದಿಟ್ಟುದನ್ನು ಅಕ್ಷರ ಅಕ್ಷರವಾಗಿ ಓದಿ, ಆ ಬಳಿಕ ಗುಣದೋಷಗಳ ಮಾತನ್ನಾಡುವುದು ಮಾತ್ರ ಬಹು ಕಷ್ಟಸಾಧ್ಯವಾದ ಕಾರ್ಯವು. ಅಂಥ ಕಾರ್ಯಕ್ಕೆ ತನ್ನ ಆಯುಷ್ಯವನ್ನೆಲ್ಲ ಸವೆಸಿದ ಮಹಾಪುರುಷರಲ್ಲಿ ಫ್ರಾನ್ಸು ದೇಶದ ಜಾಂ ಫ್ರಾಂಸ್ವಾ ಶಾಂಪೋಲಿಯನ್ ಎಂಬ ಪಂಡಿತನು ಅಗ್ರಗಣ್ಯನು. ಆತನು ಬದುಕಿದ್ದುದು ೪೧ ವರ್ಷ ಮಾತ್ರ. ಅಷ್ಟರೊಳಗೆ, ಸಾವಿರದ ನಾನೂರು ವರ್ಷಗಳಿಂದ ಯಾರೂ ಓದಲಾರದೆ ಹೋಗಿದ್ದ ಲಿಪಿಯನ್ನು ಓದಿ, ಒಂದು ಪುರಾತನ ಜನಾಂಗದ ದೇವತೆಗಳಿಗೂ ಅರಸರಿಗೂ ಅವರವರ ಹೆಸರನ್ನು ಮರಳಿ ಕೊಟ್ಟನು. ಶ್ರೀಮಠದ ಮಹೋತ್ಸವದ ಈ ಸ್ಮಾರಕ ಸಂಪುಟದಲ್ಲಿ ಆತನ ಚರಿತ್ರೆಯನ್ನು ಭಕ್ತರ ಮತ್ತು ಶಿಷ್ಯವರ್ಗದ ಮುಂದೆ ಸಂಕ್ಷೇಪವಾಗಿ ಇಡಲಾಗಿದೆ.

ಈಜಿಪ್ತವು ಆಫ್ರಿಕಾ ಖಂಡದ ಈಶಾನ್ಯ ಭಾಗದಲ್ಲಿ ನೈಲ್ ನದಿಯ ಎರಡು ದಂಡೆಗಳನ್ನೂ ಆಶ್ರಯಿಸಿಕೊಂಡಿರುವ ದೇಶವು. ಅಲ್ಲಿಯ ಪುರಾತನರು ಸೂರ್ಯನನ್ನು ರಾ ಎಂದೂ, ಥೀಬ್ಸ್ ನಗರದ ಅಧಿದೇವತೆಯನ್ನು ಅಮುನ್ ಎಂದೂ ಆರಾಧಿಸುತ್ತಿದ್ದರು. ಮೃತರ ಲೋಕದ ಒಡೆಯನಾದ ಒಸಿರಿಸ್, ಆತನ ಪತ್ನಿ ಐಸಿಸ್, ಅವರ ಮಗ ಹೋರಸ್ ಇವರಿಗೆ ದೇಶದುದ್ದಕ್ಕೂ ಗುಡಿಗಳಿದ್ದುವು. ಆ ಗುಡಿಗಳ ಗೋಡೆ ಕಂಬಗಳ ಮೇಲೆ ಹಕ್ಕಿ, ಹಾವು, ಕಣ್ಣು, ಕೈ, ಜೊಂಡು ಮೊದಲಾದುವುಗಳ ರೂಪದ ಅಕ್ಷರಗಳನ್ನು ಕೊರೆದಿದ್ದರು. ಗ್ರೀಕರು ಇವುಗಳನ್ನು ಪವಿತ್ರವಾದ ಕೆತ್ತನೆಗಳೆಂಬ ಅರ್ಥದಲ್ಲಿ ಹಯರೋಗ್ಲಿಫ್ ಎಂದು ಕರೆದರು. ಮುಂದೆ ಈಜಿಪ್ತವು ರೋಮನ್ನರ ವಶವಾಯಿತು, ರೋಮನ್ ಚಕ್ರವರ್ತಿಗಳು ಕ್ರೈಸ್ತರಾದರು, ಕ್ರಿ. ಶ. ೩೯೧-೩೯೨ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯು ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿದನು. ದಕ್ಷಿಣದ ಗಡಿಯಲ್ಲಿ ಫಿಲೇ ಎಂಬ ದ್ವೀಪದ ಐಸಿಸ್ ಗುಡಿಯಲ್ಲಿ ಮಾತ್ರ ಪೂಜೆಯು ಇನ್ನೂ ಕೆಲವು ಕಾಲ ನಡೆಯಿತು. ಕ್ರಿ. ಶ. ೩೯೪ನೆಯ ಆಗಸ್ಟ್ ೨೪ರಂದು ಅಲ್ಲಿ ಕೊರೆದ ಬರಹವೇ ಈ ಲಿಪಿಯಲ್ಲಿ ನಮಗೆ ದೊರೆತಿರುವ ಕಡೆಯ ಬರಹವು. ಅರ್ಚಕರ ಪರಂಪರೆಯು ಮುರಿಯಿತು. ಅದರೊಡನೆ ಓದುವ ವಿದ್ಯೆಯೂ ಹೋಯಿತು.

ಓದು ಹೋದೆಡೆಯಲ್ಲಿ ಊಹೆಯು ಬಂದು ಕುಳಿತುಕೊಳ್ಳುವುದು ಲೋಕಸಹಜವು. ಕೆಲವರು ಈಜಿಪ್ತದವರನ್ನು ಬೆಕ್ಕು ಮೊಸಳೆಗಳನ್ನು ಪೂಜಿಸಿದ ಮೂಢರೆಂದು ನಕ್ಕರು. ಮತ್ತೆ ಕೆಲವರು ಅವರ ಒಂದೊಂದು ಚಿತ್ರದಲ್ಲಿಯೂ ಒಂದೊಂದು ರಹಸ್ಯಜ್ಞಾನವು ಅಡಗಿರುವುದೆಂದು ನಂಬಿದರು. ಹೊರಾಪೊಲ್ಲೊ ಎಂಬ ಪ್ರಾಚೀನ ಗ್ರಂಥಕಾರನು ರಣಹದ್ದಿನ ಚಿತ್ರಕ್ಕೆ ತಾಯಿ ಎಂಬ ಅರ್ಥವಿರುವುದೆಂದೂ, ಆ ಪಕ್ಷಿಗಳಲ್ಲಿ ಗಂಡೇ ಇಲ್ಲದಿರುವುದು ಅದಕ್ಕೆ ಕಾರಣವೆಂದೂ ಬರೆದನು. ಅರ್ಥವೇನೋ ಸರಿ, ಆದರೆ ಕಾರಣವು ಶಬ್ದದಲ್ಲಿದೆ, ಪಕ್ಷಿಯಲ್ಲಿಲ್ಲ. ಆ ಚಿಹ್ನೆಯ ಧ್ವನಿಯೂ ತಾಯಿ ಎಂಬ ಅವರ ಪದದ ಧ್ವನಿಯೂ ಒಂದೇ ಆಗಿದ್ದುವು. ೧೭ನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ಅಥನೇಸಿಯಸ್ ಕಿರ್ಚರ್ ಎಂಬ ಜೆಸ್ವಿಟ್ ಪಾದ್ರಿಯು ಮಹಾವಿದ್ವಾಂಸನಾಗಿದ್ದರೂ, ಕಂಬದ ಮೇಲೆ ಒಬ್ಬ ಅರಸನ ಹೆಸರು ಮಾತ್ರವಿದ್ದೆಡೆಯಲ್ಲಿ ಒಸಿರಿಸನ ಮಹಿಮೆಯ ಕುರಿತಾದ ದೀರ್ಘ ತತ್ತ್ವವಾಕ್ಯವನ್ನು ಕಂಡನು. ಹಳಿದವರೂ ಹೊಗಳಿದವರೂ ಓದಿರಲಿಲ್ಲ. ಆದುದರಿಂದ ಇಬ್ಬರೂ ತಮ್ಮ ಮನಸ್ಸನ್ನೇ ಆ ಕಲ್ಲಿನಲ್ಲಿ ಕಂಡರು.

ಆದರೂ ಕಿರ್ಚರನಿಂದ ಒಂದು ಮಹೋಪಕಾರವಾಯಿತು. ಈಜಿಪ್ತದ ಹಳೆಯ ನುಡಿಯು ಪೂರ್ಣವಾಗಿ ಅಳಿದಿರಲಿಲ್ಲ. ಕ್ರೈಸ್ತರಾದ ಅಲ್ಲಿಯ ಜನರು, ಅಂದರೆ ಕಾಪ್ಟರು, ಅದೇ ನುಡಿಯನ್ನು ಗ್ರೀಕ್ ಅಕ್ಷರಗಳಲ್ಲಿ ಬರೆಯುತ್ತ, ಗ್ರೀಕಿನಲ್ಲಿಲ್ಲದ ಕೆಲವು ಧ್ವನಿಗಳಿಗೆ ಹಳೆಯ ಲಿಪಿಯಿಂದ ಕೆಲವು ಅಕ್ಷರಗಳನ್ನು ತೆಗೆದುಕೊಂಡಿದ್ದರು. ಅರಬ್ಬಿಯು ಮನೆಮಾತಾದ ಮೇಲೆಯೂ ಅವರ ಪಾದ್ರಿಗಳು ಪ್ರಾರ್ಥನೆಯಲ್ಲಿ ಕಾಪ್ಟಿಕ್ ನುಡಿಯನ್ನು ಬಿಡಲಿಲ್ಲ. ಇಟಲಿಯ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲೆ ಎಂಬವನು ಈಜಿಪ್ತದಲ್ಲಿ ಕಾಪ್ಟಿಕ್ ವ್ಯಾಕರಣ ಮತ್ತು ನಿಘಂಟುಗಳ ಹಸ್ತಪ್ರತಿಗಳನ್ನು ಸಂಪಾದಿಸಿದನು. ಅವುಗಳ ಆಧಾರದಿಂದಲೇ ಕಿರ್ಚರನು ೧೬೪೩ರಲ್ಲಿ ತನ್ನ ಕಾಪ್ಟಿಕ್ ಗ್ರಂಥವನ್ನು ಪ್ರಕಟಿಸಿದನು. ಈ ದೆಲ್ಲಾ ವಾಲೆಯ ಹೆಸರು ನಮ್ಮವರಿಗೆ ಅಪರಿಚಿತವಾಗಿರಲಾರದು. ಕ್ರಿ. ಶ. ೧೬೨೩ರಲ್ಲಿ ಪೋರ್ತುಗೀಜರ ರಾಯಭಾರಿಯೊಡನೆ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಅಲ್ಲಿಯ ಜಂಗಮರ ವಿಷಯವನ್ನೂ ತನ್ನ ಪತ್ರಗಳಲ್ಲಿ ಬರೆದವನು ಇವನೇ. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ಉಪಾಧ್ಯಾಯನಿಲ್ಲದೆಯೇ, ಮರಳಿನಲ್ಲಿ ಬೆರಳಿನಿಂದ ಬರೆಯುತ್ತ ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬೆರಗಿನಿಂದ ವರ್ಣಿಸಿರುವನು. ಕನ್ನಡನಾಡಿನ ಘಟ್ಟವನ್ನು ಹತ್ತಿದ ಪ್ರವಾಸಿಯ ಪೆಟ್ಟಿಗೆಯಿಂದಲೇ ಈಜಿಪ್ತದ ಬೀಗಕ್ಕೆ ಕೀಲಿಕೈ ಯುರೋಪಿಗೆ ದೊರೆಯಿತೆಂಬುದು ನೆನೆಯತಕ್ಕ ಸಂಗತಿಯು.

ಶಾಂಪೋಲಿಯನ್ನನು ೧೭೯೦ನೆಯ ಡಿಸೆಂಬರ್ ೨೩ರಂದು ದಕ್ಷಿಣ ಫ್ರಾನ್ಸಿನ ಫಿಝಾಕ್ ಎಂಬ ಸಣ್ಣ ಊರಿನಲ್ಲಿ ಪುಸ್ತಕದ ವ್ಯಾಪಾರಿಯೊಬ್ಬನ ಕಡೆಯ ಮಗನಾಗಿ ಜನಿಸಿದನು. ಆಗ ಫ್ರಾನ್ಸಿನಲ್ಲಿ ರಾಜ್ಯಕ್ರಾಂತಿಯು ನಡೆದಿತ್ತು. ಶಾಲೆಗಳೂ ಇಗರ್ಜಿಗಳೂ ಮುಚ್ಚಿದ್ದುವು. ತಾಯಿಯ ಪ್ರಾರ್ಥನೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಬಾಲಕನು ತಾನಾಗಿಯೇ ಓದಲು ಕಲಿತನೆಂದು ಮನೆಯವರು ಹೇಳುತ್ತಿದ್ದರು. ಆತನಿಗಿಂತ ಹನ್ನೆರಡು ವರ್ಷ ಹಿರಿಯನಾದ ಅಣ್ಣ ಜಾಕ್ ಜೋಸೆಫನು ತಾನೂ ವಿದ್ಯಾವಂತನು. ನೆಪೋಲಿಯನ್ನನು ೧೭೯೮ರಲ್ಲಿ ಈಜಿಪ್ತದ ಮೇಲೆ ದಂಡೆತ್ತಿ ಹೋದಾಗ ಜೊತೆಗೆ ಹೋದ ವಿದ್ವಾಂಸರ ಗುಂಪಿನಲ್ಲಿ ಸೇರಬೇಕೆಂದು ಬಯಸಿ ಆ ಅಣ್ಣನು ನಿರಾಶನಾಗಿದ್ದನು. ತನಗೆ ಕೈಗೂಡದಿದ್ದುದು ತಮ್ಮನಿಗೆ ಕೈಗೂಡಲೆಂಬಂತೆ, ೧೮೦೧ರಲ್ಲಿ ಬಾಲಕನನ್ನು ಗ್ರೆನೋಬ್ಲ್ ನಗರಕ್ಕೆ ಕರೆದುಕೊಂಡು ಹೋಗಿ ವಿದ್ಯಾಭ್ಯಾಸ ಮಾಡಿಸಿದನು. ಅಂದಿನಿಂದ ತಮ್ಮನು ತೀರಿಕೊಂಡ ಮೇಲೆಯೂ ಆ ಅಣ್ಣನ ಆಸರೆ ತಪ್ಪಲಿಲ್ಲ. ಈತನಿಗೆ ತಂದೆಯೂ ಗುರುವೂ ಆದವನು ಅಣ್ಣನೇ ಎಂದರೆ ಅತಿಶಯೋಕ್ತಿಯಲ್ಲ.

ಗ್ರೆನೋಬ್ಲಿನಲ್ಲಿ ಅಧಿಕಾರಿಯಾಗಿದ್ದ ಫೂರಿಯೇ ಎಂಬ ಪ್ರಸಿದ್ಧ ಗಣಿತಜ್ಞನು ನೆಪೋಲಿಯನ್ನನೊಡನೆ ಈಜಿಪ್ತಕ್ಕೆ ಹೋಗಿ ಬಂದವನು. ಆತನ ಆಶ್ರಯವೂ ಈಜಿಪ್ತದ ಸುದ್ದಿಯೂ ಸಹೋದರರಿಗೆ ದೊರೆತುವು. ಬಾಲಕನು ಲ್ಯಾಟಿನ್, ಗ್ರೀಕ್, ಹೀಬ್ರೂ, ಅರಬ್ಬಿ, ಸಿರಿಯಾಕ್ ಭಾಷೆಗಳನ್ನು ಒಂದೊಂದಾಗಿ ಹಿಡಿದನು. ೧೮೦೭ರಲ್ಲಿ, ಇನ್ನೂ ಹದಿನೇಳು ತುಂಬುವುದಕ್ಕೆ ಮುಂಚೆ, ಪ್ರಾಚೀನ ಈಜಿಪ್ತದ ಭೂವಿವರಣೆಯನ್ನು ಕುರಿತು ಗ್ರೆನೋಬ್ಲಿನ ವಿದ್ವತ್ಸಭೆಯಲ್ಲಿ ಪ್ರಬಂಧವನ್ನು ಓದಿ ಅದರ ಸದಸ್ಯನಾಗಿ ಚುನಾಯಿತನಾದನು. ಬಳಿಕ ಪ್ಯಾರಿಸ್ಸಿಗೆ ಹೋಗಿ, ಸಿಲ್ವೆಸ್ತ್ರ್ ದ ಸಾಸಿ ಮೊದಲಾದ ಪೌರ್ವಾತ್ಯ ವಿದ್ಯಾವಿಶಾರದರಲ್ಲಿ ಎರಡು ವರ್ಷ ಓದಿದನು. ಆ ಕಾಲದಲ್ಲಿ ಈತನು ಪಟ್ಟ ಬಡತನವು ಸ್ವಲ್ಪದ್ದಲ್ಲ. ಹರಿದ ಪಾದರಕ್ಷೆಗಳೊಡನೆ ಓಡಾಡುತ್ತ ಅಣ್ಣನ ಹಣಕ್ಕಾಗಿ ಕಾಯುತ್ತಿದ್ದನು.

ಆ ಎರಡು ವರ್ಷಗಳಲ್ಲಿ ನಡೆದ ಮುಖ್ಯ ಸಂಗತಿಯು ಬೇರೊಂದಿದೆ. ಪ್ಯಾರಿಸ್ಸಿನ ಸಂತ ರೋಷರ ಇಗರ್ಜಿಯಲ್ಲಿ ಕೈರೋದಿಂದ ಬಂದ ಯುಹನ್ನಾ ಚಿಫ್ತಿಚಿ ಎಂಬ ಪಾದ್ರಿಯಿದ್ದನು. ಆತನು ಕಾಪ್ಟಿಕ್ ಪ್ರಾರ್ಥನೆಗಳನ್ನು ಸಂಪ್ರದಾಯದ ಉಚ್ಚಾರದಿಂದ ಪಠಿಸಬಲ್ಲವನು. ಶಾಂಪೋಲಿಯನ್ನನು ಅವನ ಬಳಿಗೆ ಹೋಗಿ ಆ ನುಡಿಯನ್ನು ಬಾಯಿಂದ ಬಾಯಿಗೆ ಕಲಿತನು. ಪುಸ್ತಕದಲ್ಲಿದ್ದ ಭಾಷೆಯು ಆಗ ಕಿವಿಗೆ ಇಳಿಯಿತು. ವಿನೋದಕ್ಕಾಗಿಯೂ ಕಂಡುದನ್ನೆಲ್ಲ ಕಾಪ್ಟಿಕ್ಕಿಗೆ ಪರಿವರ್ತಿಸುವಷ್ಟು, ಮನಸ್ಸಿನೊಳಗೆ ಅದರಲ್ಲಿಯೇ ಮಾತನಾಡಿಕೊಳ್ಳುವಷ್ಟು ಅದು ತನಗೆ ಅಭ್ಯಾಸವಾಗಿರುವುದೆಂದು ಅಣ್ಣನಿಗೆ ಬರೆದನು. ಅಳಿದ ಧರ್ಮವೊಂದರ ಮಾತನ್ನು, ಅದನ್ನು ಬಿಟ್ಟುಕೊಟ್ಟ ಬೇರೊಂದು ಧರ್ಮದ ಪಾದ್ರಿಗಳು ತಮಗರಿಯದೆಯೇ ಕಾಪಾಡಿದ್ದರು. ಧರ್ಮಗಳು ಒಂದಕ್ಕೊಂದು ಕೊಡುವ ಋಣವು ಕೆಲವೊಮ್ಮೆ ಹೀಗೆ ಕೊಟ್ಟವರಿಗೂ ತಿಳಿಯದಂತಿರುವುದು.

೧೮೦೯ರಲ್ಲಿ ಗ್ರೆನೋಬ್ಲಿನಲ್ಲಿ ಈತನಿಗೆ ಚರಿತ್ರೆಯ ಉಪಾಧ್ಯಾಯ ವೃತ್ತಿಯು ದೊರೆಯಿತು. ಆದರೆ ೧೮೧೫ರಲ್ಲಿ ನೆಪೋಲಿಯನ್ನನ ಪತನವಾದೊಡನೆ, ಸಹೋದರರಿಬ್ಬರೂ ಅವನ ಪಕ್ಷದವರೆಂದು ವೃತ್ತಿಗಳನ್ನು ಕಳೆದುಕೊಂಡರು. ೧೮೧೬ರಲ್ಲಿ ಹುಟ್ಟೂರಿಗೇ ಗಡಿಪಾರಾದರು. ಅಲ್ಲಿ ಈತನು ಬಡಮಕ್ಕಳಿಗಾಗಿ, ಬಲ್ಲ ಹುಡುಗರು ಅರಿಯದ ಹುಡುಗರಿಗೆ ಕಲಿಸುವ ಪದ್ಧತಿಯ ಶಾಲೆಯನ್ನು ತೆರೆದನು. ಈ ಪದ್ಧತಿಯನ್ನು ಆಂಡ್ರೂ ಬೆಲ್ ಎಂಬವನು ಮದರಾಸಿನಲ್ಲಿ ಪ್ರಯೋಗಿಸಿ ಇಂಗ್ಲೆಂಡಿಗೆ ಒಯ್ದಿದ್ದನು. ನಮ್ಮ ಐಗಳ ಮಠಗಳಲ್ಲಿ ಓದಿದ ಹಿರಿಯರಿಗೆ ಇದು ಹೊಸದಲ್ಲ. ೧೮೧೮ರಲ್ಲಿ ರೋಸಿನ್ ಬ್ಲಾಂ ಎಂಬವಳೊಡನೆ ಈತನ ವಿವಾಹವಾಯಿತು. ೧೮೨೧ರಲ್ಲಿ ಮತ್ತೆ ವೃತ್ತಿಯನ್ನು ಕಳೆದುಕೊಂಡು, ಕೃಶವಾದ ದೇಹದೊಡನೆ ಪ್ಯಾರಿಸ್ಸಿನಲ್ಲಿದ್ದ ಅಣ್ಣನ ಮನೆಯನ್ನು ಸೇರಿದನು. ಮಹಾಸಿದ್ಧಿಯು ಕಾದಿದ್ದುದು ಈ ದುರ್ದಿನಗಳಲ್ಲಿಯೇ.

೧೭೯೯ರಲ್ಲಿ ನೈಲ್ ನದಿಯ ಮುಖದ ಬಳಿ ರಷೀದ್ ಎಂಬಲ್ಲಿ ಫ್ರೆಂಚ್ ಸೈನಿಕರಿಗೆ ಒಂದು ಕರಿಯ ಶಿಲೆಯು ದೊರೆತಿದ್ದಿತು. ಇದೇ ರೋಸೆಟ್ಟಾ ಶಿಲೆಯು. ೧೮೦೨ರಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ. ಕ್ರಿ. ಪೂ. ೧೯೬ರಲ್ಲಿ ಮೆಂಫಿಸ್ಸಿನಲ್ಲಿ ಕೂಡಿದ ಅರ್ಚಕರು ಐದನೆಯ ಟಾಲೆಮಿ ಅರಸನ ಗೌರವಾರ್ಥವಾಗಿ ಹೊರಡಿಸಿದ ಶಾಸನವು ಅದರಲ್ಲಿ ಮೂರು ಬಗೆಯಾಗಿದೆ: ಮೇಲೆ ಚಿತ್ರಾಕ್ಷರ, ನಡುವೆ ಡೆಮೋಟಿಕ್ ಎಂಬ ರೂಢಿಯ ಬರಹ, ಕೆಳಗೆ ಗ್ರೀಕ್. ಇಂಗ್ಲೆಂಡಿನ ಥಾಮಸ್ ಯಂಗ್ ಎಂಬ ವೈದ್ಯನೂ ಭೌತವಿಜ್ಞಾನಿಯೂ ಆದ ಮೇಧಾವಿಯು, ಉದ್ದನೆಯ ವಲಯದೊಳಗಿರುವ ಅಕ್ಷರಗಳು ಅರಸರ ಹೆಸರುಗಳೆಂದು ಹಿಡಿದು, ಅವುಗಳಲ್ಲಿ ಕೆಲವಕ್ಕೆ ಧ್ವನಿಯ ಬೆಲೆಯನ್ನು ಸರಿಯಾಗಿ ಕಟ್ಟಿ ೧೮೧೯ರಲ್ಲಿ ಪ್ರಕಟಿಸಿದ್ದನು. ಆದರೆ ಪರದೇಶದ ಹೆಸರುಗಳಿಗೆ ಮಾತ್ರ ಧ್ವನಿಯ ಬರಹ, ಉಳಿದುದೆಲ್ಲ ಭಾವದ ಚಿತ್ರ ಎಂದು ಅವನು ನಂಬಿದ್ದನು. ಶಾಂಪೋಲಿಯನ್ನನ ಮೊದಲಿನ ನಂಬಿಕೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಯಂಗನಿಗೆ ಸಲ್ಲಬೇಕಾದ ಮನ್ನಣೆಯನ್ನು ಈತನು ಪೂರ್ಣವಾಗಿ ಸಲ್ಲಿಸಲಿಲ್ಲವೆಂಬ ಆಕ್ಷೇಪಣೆಯು ಇಂದಿಗೂ ಇದೆ. ಅದರಲ್ಲಿ ನ್ಯಾಯವಿಲ್ಲದೆ ಇಲ್ಲ.

ಮೊದಲು ಈತನು ಮಾಡಿದ್ದು ಎಣಿಕೆ. ಗ್ರೀಕ್ ಪಾಠದಲ್ಲಿ ೪೮೬ ಪದಗಳು. ಒಡೆದುಹೋದ ಚಿತ್ರಾಕ್ಷರದ ಭಾಗದಲ್ಲಿಯೇ ೧,೪೧೯ ಚಿಹ್ನೆಗಳು. ಒಂದು ಚಿಹ್ನೆಗೆ ಒಂದು ಭಾವವೆಂದಾದರೆ ಈ ಲೆಕ್ಕವು ಕೂಡಲಾರದು. ಫಿಲೇ ದ್ವೀಪದಿಂದ ತಂದ ಕಂಬದ ಮೇಲೆ ಕ್ಲಿಯೋಪಾತ್ರ ಎಂಬ ಹೆಸರಿದ್ದಿತು. ಶಿಲೆಯಲ್ಲಿ ಟಾಲೆಮಿಯ ಹೆಸರಿದ್ದಿತು. ಎರಡಕ್ಕೂ ಸಮಾನವಾದ ಪ, ಒ, ಲ ಧ್ವನಿಗಳು ಇರಬೇಕಾದ ಸ್ಥಳಗಳಲ್ಲಿಯೇ ಒಂದೇ ಚಿಹ್ನೆಗಳು ಕಂಡುವು. ಹೀಗೆ ಗ್ರೀಕ್ ಮತ್ತು ರೋಮನ್ ಅರಸರ ಹೆಸರುಗಳು ಬಿಡಿಸಿಕೊಂಡುವು. ೧೮೨೨ನೆಯ ಸೆಪ್ಟೆಂಬರ್ ತಿಂಗಳಲ್ಲಿ ಆತನ ಕೈಗೆ ಅಬು ಸಿಂಬೆಲ್ ಗುಡಿಯ ಬರಹಗಳ ಪ್ರತಿಯು ಬಂದಿತು. ಅವು ಗ್ರೀಕರಿಗಿಂತ ಬಹು ಹಿಂದಿನವು. ಒಂದು ವಲಯದೊಳಗೆ ಮೊದಲು ಸೂರ್ಯಬಿಂಬ. ಕಾಪ್ಟಿಕ್ಕಿನಲ್ಲಿ ಸೂರ್ಯನಿಗೆ ರೇ ಎಂದು ಹೆಸರು. ಕಡೆಯಲ್ಲಿ ಎರಡು ಸಕಾರಗಳು. ನಡುವಣ ಚಿಹ್ನೆಯು ರೋಸೆಟ್ಟಾ ಶಿಲೆಯಲ್ಲಿ ಜನ್ಮದಿನದ ಪ್ರಸ್ತಾಪವಿರುವೆಡೆ ಬರುವುದು. ಕಾಪ್ಟಿಕ್ಕಿನಲ್ಲಿ ಮಿಸೆ ಎಂದರೆ ಹೆರುವುದು. ಎಲ್ಲವೂ ಕೂಡಿದಾಗ ರಾಮ್ಸೆಸ್, ಸೂರ್ಯನಿಂದ ಜನಿಸಿದವನು, ಎಂಬ ಹೆಸರು ಎದ್ದು ನಿಂತಿತು. ಮತ್ತೊಂದು ವಲಯದಲ್ಲಿ ಥೋತ್ ದೇವತೆಯ ಪಕ್ಷಿಯೂ ಅದೇ ನಡುವಣ ಚಿಹ್ನೆಯೂ ಇದ್ದುವು. ಅದು ಥುತ್ಮೋಸ್ ಎಂಬ ಅರಸನ ಹೆಸರು. ಕಾಗದಗಳನ್ನು ಹಿಡಿದು ಅಣ್ಣನ ಬಳಿಗೆ ಓಡಿ, ಕಂಡುಕೊಂಡೆನೆಂದು ಕೂಗಿ ಮೂರ್ಛೆಹೋದನೆಂದು ಮನೆತನದವರ ಹೇಳಿಕೆಯಿದೆ. ಆ ತಿಂಗಳ ೨೭ರಂದು ವಿದ್ವತ್ಸಭೆಯ ಕಾರ್ಯದರ್ಶಿಯಾದ ದಾಸಿಯೇ ಎಂಬವನಿಗೆ ಬರೆದ ಪತ್ರದ ರೂಪದಲ್ಲಿ ತನ್ನ ಶೋಧವನ್ನು ಸಭೆಯ ಮುಂದಿಟ್ಟನು. ಕೆಲವು ಚಿಹ್ನೆಗಳು ಧ್ವನಿಗೂ, ಕೆಲವು ಪದಕ್ಕೂ, ಕೆಲವು ಪದದ ಜಾತಿಯನ್ನು ತೋರಿಸುವುದಕ್ಕೂ ಇರುವುವೆಂಬ ಪೂರ್ಣ ವ್ಯವಸ್ಥೆಯನ್ನು ೧೮೨೪ರ ಗ್ರಂಥದಲ್ಲಿ ವಿವರಿಸಿದನು.

ಓದು ಬಂದೊಡನೆ ಈತನು ಕೈಹಾಕಿದ್ದು ಧರ್ಮದ ವಿಷಯಕ್ಕೆ. ೧೮೨೩ರಿಂದ ಈಜಿಪ್ತದ ದೇವತೆಗಳ ಚಿತ್ರಗಳನ್ನೂ ಹೆಸರುಗಳನ್ನೂ ವಿವರಣೆಯೊಡನೆ ಕಂತುಕಂತಾಗಿ ಪ್ರಕಟಿಸಿದನು. ಅದರಲ್ಲಿ ಒಬ್ಬ ದೇವತೆಯ ಹೆಸರನ್ನು ಮತ್ತೊಬ್ಬನಿಗೆ ಇಟ್ಟ ತಪ್ಪುಗಳಿದ್ದುವು, ಮುಂದಿನವರು ತಿದ್ದಿದರು. ೧೮೨೪ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಹೊಸದಾಗಿ ಕೊಂಡಿದ್ದ ಈಜಿಪ್ತದ ವಸ್ತುಗಳ ನಡುವೆ ಚೂರುಚೂರಾದ ಪಪೈರಸ್ ಹಾಳೆಗಳನ್ನು ಕೂಡಿಸುತ್ತ, ದೇವತೆಗಳಿಂದ ಮೊದಲಾಗಿ ಅರಸರ ವಂಶಾವಳಿಯನ್ನು ಹೇಳುವ ಪತ್ರವೊಂದನ್ನು ಕಂಡನು. ಶವದೊಡನೆ ಹೂಳುತ್ತಿದ್ದ ಸುರುಳಿಗಳನ್ನೂ ಪರೀಕ್ಷಿಸಿದನು. ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಯೂ, ಸತ್ಯಕ್ಕೂ ನ್ಯಾಯಕ್ಕೂ ಅಧಿದೇವತೆಯಾದ ಮಾತ್ ದೇವಿಯ ಗರಿಯನ್ನು ಮತ್ತೊಂದರಲ್ಲಿಯೂ ಇಟ್ಟು ಒಸಿರಿಸನ ಮುಂದೆ ತೂಗುವ ಚಿತ್ರವು ಅವುಗಳಲ್ಲಿದೆ. ಕೊಲೆ ಮಾಡಲಿಲ್ಲ, ಅಳತೆಯಲ್ಲಿ ಮೋಸಮಾಡಲಿಲ್ಲ ಎಂಬಂತೆ ೪೨ ದೇವತೆಗಳ ಮುಂದೆ ಒಂದೊಂದಾಗಿ ಹೇಳಿಕೊಳ್ಳಬೇಕಾದ ಮಾತುಗಳೂ ಇವೆ. ಪ್ರಾಣಿಗಳನ್ನು ಪೂಜಿಸಿದ ಮೂಢರೆಂದು ನಕ್ಕವರಿಗೆ ಈ ತಕ್ಕಡಿಯೇ ಉತ್ತರವು.

ಈ ನಡುವೆ ದೊಡ್ಡ ವಾದವೊಂದು ಎದ್ದಿದ್ದಿತು. ದೆಂದೆರಾ ಎಂಬಲ್ಲಿಯ ಹಾಥೋರ್ ಗುಡಿಯ ಮಾಳಿಗೆಯಿಂದ ರಾಶಿಚಕ್ರದ ಶಿಲೆಯನ್ನು ಕಿತ್ತು ತಂದು, ೧೮೨೨ರಲ್ಲಿ ಫ್ರಾನ್ಸಿನ ಅರಸನಿಗೆ ೧,೫೦,೦೦೦ ಫ್ರಾಂಕುಗಳಿಗೆ ಮಾರಿದರು. ಅದು ಸಾವಿರಾರು ವರ್ಷಗಳ ಹಿಂದಿನದೆಂದೂ, ಬೈಬಲ್ಲಿನ ಸೃಷ್ಟಿಯ ಲೆಕ್ಕವು ಇದರಿಂದ ಮುರಿದು ಬೀಳುವುದೆಂದೂ ಕ್ರೈಸ್ತಮತದ ವಿರೋಧಿಗಳು ಸಾರಿದರು, ಪಾದ್ರಿಗಳು ಕಳವಳಗೊಂಡರು. ಶಾಂಪೋಲಿಯನ್ನನು ಅಲ್ಲಿಯ ಬರಹದ ನಕಲಿನಲ್ಲಿ ರೋಮನ್ ಚಕ್ರವರ್ತಿಯ ಬಿರುದನ್ನು ಓದಿ, ಗುಡಿಯು ಈಚಿನದೆಂದು ತೋರಿಸಿದನು. ಇದರಿಂದ ಸಂತುಷ್ಟರಾದ ಪೋಪ್ ಹನ್ನೆರಡನೆಯ ಲಿಯೋ ಅವರು ೧೮೨೫ರಲ್ಲಿ ರೋಮಿನಲ್ಲಿ ಆತನನ್ನು ಬರಮಾಡಿಕೊಂಡು, ಕಾರ್ಡಿನಲ್ ಪದವಿಯನ್ನೇ ಕೊಡುವೆವೆಂದರು. ತಾನು ಹೆಂಡತಿ ಮಕ್ಕಳುಳ್ಳ ಸಂಸಾರಿಯೆಂದು ಬಿನ್ನವಿಸಿ ಆತನು ಅದನ್ನು ವಿನಯದಿಂದ ನಿರಾಕರಿಸಿದನು. ಮುಂದೆ ೧೮೨೮ರಲ್ಲಿ ದೆಂದೆರಾಕ್ಕೆ ತಾನೇ ಹೋಗಿ ನೋಡಿದಾಗ, ಆ ವಲಯಗಳು ಬರಿದಾಗಿದ್ದುವು. ನಕಲು ಮಾಡಿದವರು ಅಕ್ಷರಗಳನ್ನು ಕೂಡಿಸಿದ್ದರು. ಇದನ್ನು ಮುಚ್ಚಿಡದೆ ಪತ್ರದಲ್ಲಿ ಬರೆದು ತಿಳಿಸಿದನು. ಸಿದ್ಧಾಂತವು ಮಾತ್ರ ಕೆಡಲಿಲ್ಲ; ಆ ರಾಶಿಚಕ್ರವು ಕ್ರಿ. ಪೂ. ಒಂದನೆಯ ಶತಮಾನದ್ದೆಂದು ಈಗ ನಿಶ್ಚಿತವಾಗಿದೆ. ಆದರೆ ಅದೇ ಓದಿನಿಂದ ಹೊರಟ ಅರಸರ ಪಟ್ಟಿಗಳು ಈಜಿಪ್ತದ ರಾಜ್ಯವನ್ನು ಕ್ರಿ. ಪೂ. ೩೧೦೦ರವರೆಗೆ, ಅಂದರೆ ಅಂದಿನ ಪಾದ್ರಿಗಳು ಎಣಿಸಿದ ಜಲಪ್ರಳಯಕ್ಕಿಂತಲೂ ಹಿಂದಕ್ಕೆ ಒಯ್ದುವು. ನಿಜವಾದ ಓದು ಇಂದು ಒಬ್ಬರಿಗೆ ಹಿತವಾದೀತು, ನಾಳೆ ಅವರಿಗೇ ಅಹಿತವಾದೀತು. ಅದು ಪಕ್ಷವನ್ನು ನೋಡುವುದಿಲ್ಲ.

೧೮೨೬ರಲ್ಲಿ ಹತ್ತನೆಯ ಚಾರ್ಲ್ಸ್ ಅರಸನು ಲೂವ್ರ್ ಸಂಗ್ರಹಾಲಯದ ಈಜಿಪ್ತ ವಿಭಾಗಕ್ಕೆ ಈತನನ್ನು ಅಧಿಕಾರಿಯಾಗಿ ನೇಮಿಸಿದನು. ೧೮೨೮ನೆಯ ಜುಲೈ ೩೧ರಂದು, ಪೀಸಾ ನಗರದ ರೊಸೆಲ್ಲಿನಿ ಎಂಬ ಶಿಷ್ಯಮಿತ್ರನೊಡನೆಯೂ ಚಿತ್ರಕಾರರೊಡನೆಯೂ ತೂಲೋಂ ರೇವಿನಿಂದ ಹೊರಟು, ಬಾಲ್ಯದಿಂದ ಕನಸಿನಲ್ಲಿದ್ದ ದೇಶವನ್ನು ಕಂಡನು. ಐಸಿಸ್ ಮತ್ತು ಹಾಥೋರ್ ಎಂಬ ಹೆಸರಿನ ಎರಡು ದೋಣಿಗಳಲ್ಲಿ ನೈಲ್ ನದಿಯನ್ನು ಏರುತ್ತ, ಎರಡನೆಯ ಜಲಪಾತದವರೆಗೆ ಹೋದನು. ೧೮೨೯ನೆಯ ಜನವರಿ ೧ರಂದು ಅಲ್ಲಿಂದ ದಾಸಿಯೇಗೆ ಪತ್ರ ಬರೆದು, ತನ್ನ ಅಕ್ಷರಮಾಲೆಯಲ್ಲಿ ಬದಲಿಸಬೇಕಾದುದು ಏನೂ ಇಲ್ಲವೆಂದು ಹರ್ಷದಿಂದ ತಿಳಿಸಿದನು. ಥೀಬ್ಸಿನ ಅರಸರ ಸಮಾಧಿಗಳ ಕಣಿವೆಯಲ್ಲಿ ನಾಲ್ಕನೆಯ ರಾಮ್ಸೆಸನ ಸಮಾಧಿಯನ್ನೇ ಮನೆಮಾಡಿಕೊಂಡು ಬರಹಗಳನ್ನು ಪ್ರತಿಮಾಡಿದನು. ಗುಡಿಗಳ ಕಲ್ಲುಗಳನ್ನು ಕಾರ್ಖಾನೆ ಕಟ್ಟುವುದಕ್ಕೂ ಸುಣ್ಣ ಸುಡುವುದಕ್ಕೂ ಕೀಳುತ್ತಿದ್ದುದನ್ನು ಕಂಡು ನೊಂದು, ಹೊರಡುವ ಮುನ್ನ ದೇಶದ ಅಧಿಪತಿಯಾದ ಮುಹಮ್ಮದ್ ಅಲಿ ಪಾಷಾನಿಗೆ ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಬಿನ್ನವತ್ತಳೆಯನ್ನು ಸಲ್ಲಿಸಿದನು. ಕ್ರೈಸ್ತ ದೇಶದ ಪಂಡಿತನು ಮುಸಲ್ಮಾನ ಅಧಿಪತಿಯ ಮುಂದೆ, ಭಕ್ತರೇ ಉಳಿಯದ ದೇವತೆಗಳ ಗುಡಿಗಳಿಗಾಗಿ ಕೈಮುಗಿದನು.

ಗುಡಿಗಳನ್ನು ನೋಡುತ್ತ ಈತನಿಗೆ ಒಂದು ವಿಷಯವು ಹೊಳೆಯಿತು. ಊರೂರಿನ ಗುಡಿಯಲ್ಲಿಯೂ ತಂದೆ, ತಾಯಿ, ಮಗ ಎಂಬ ಮೂವರು ದೇವತೆಗಳ ಕೂಟವಿರುವುದು. ಹೆಸರುಗಳು ಊರಿಗೊಂದಾದರೂ ಕೂಟದ ಕ್ರಮವು ಒಂದೇ. ಇವೆಲ್ಲ ಅಮುನ್ ರಾ ಎಂಬ ಒಬ್ಬ ಮೂಲದೇವನಿಂದ ಹೊರಟ ರೂಪಗಳೆಂದೂ, ಹೊರಗೆ ಅನೇಕವಾಗಿ ಕಾಣುವ ಆ ಧರ್ಮದ ಒಳಗೆ ಏಕದೇವನ ಭಾವನೆಯಿರುವುದೆಂದೂ ಆತನು ತರ್ಕಿಸಿದನು. ಮುಂದಿನ ವಿದ್ವಾಂಸರಲ್ಲಿ ಇದು ಒಂದೂವರೆ ಶತಮಾನದ ಚರ್ಚೆಗೆ ಕಾರಣವಾಯಿತು. ೧೯೭೧ರಲ್ಲಿ ಎರಿಕ್ ಹೊರ್ನುಂಗ್ ಎಂಬ ವಿದ್ವಾಂಸನು ಈ ಅಭಿಪ್ರಾಯವನ್ನು ಒಪ್ಪದೆ, ಒಂದು ಮತ್ತು ಅನೇಕ ಎಂಬುವು ಆ ಜನರಿಗೆ ಪರಸ್ಪರ ವಿರುದ್ಧವಾಗಿ ತೋರಿರಲಿಲ್ಲವೆಂದು ನಿರೂಪಿಸಿದನು. ಶಾಂಪೋಲಿಯನ್ನನ ನಿರ್ಣಯವು ನಿಲ್ಲದಿರಬಹುದು. ಆದರೆ ಆತನ ನಿರ್ಣಯವನ್ನು ತಳ್ಳಿಹಾಕುವವರೂ ಆತನು ಕಲಿಸಿದ ಅಕ್ಷರಗಳನ್ನೇ ಓದಬೇಕು.

೧೮೩೦ರಲ್ಲಿ ಆತನು ವಿದ್ವತ್ಸಭೆಯ ಸದಸ್ಯನಾದನು. ೧೮೩೧ರಲ್ಲಿ ಪ್ಯಾರಿಸ್ಸಿನ ಕೊಲೆಜ್ ದ ಫ್ರಾನ್ಸಿನಲ್ಲಿ ಆತನಿಗಾಗಿಯೇ ಈಜಿಪ್ತ ವಿದ್ಯೆಯ ಪೀಠವು ಸ್ಥಾಪಿತವಾಯಿತು. ಆದರೆ ಶರೀರವು ಜೀರ್ಣವಾಗಿದ್ದಿತು. ಕೆಲವೇ ಪಾಠಗಳನ್ನು ಹೇಳುವುದಾಯಿತು. ೧೮೩೨ನೆಯ ಮಾರ್ಚ್ ೪ರಂದು ದೇಹವನ್ನು ಬಿಟ್ಟನು. ವ್ಯಾಕರಣವೂ ನಿಘಂಟುವೂ ಹಸ್ತಪ್ರತಿಯಲ್ಲಿಯೇ ಇದ್ದುವು. ಸಾಲ್ವೊಲಿನಿ ಎಂಬ ಶಿಷ್ಯನು ಗುರುವಿನ ಕಾಗದಗಳನ್ನು ಅಪಹರಿಸಿ ತನ್ನವೆಂಬಂತೆ ಪ್ರಕಟಿಸತೊಡಗಿದನು. ೧೮೩೮ರಲ್ಲಿ ಅವನು ಸತ್ತ ಮೇಲೆ ಆ ಕಳವು ಬಯಲಾಯಿತು. ಅಣ್ಣನು ವ್ಯಾಕರಣವನ್ನು ೧೮೩೬ರಿಂದಲೂ, ನಿಘಂಟುವನ್ನು ೧೮೪೧ರಿಂದಲೂ ಪ್ರಕಟಿಸಿ ತಮ್ಮನ ಋಣವನ್ನು ತೀರಿಸಿದನು. ಆದರೂ ಸಂಶಯಪಡುವವರು ಇದ್ದೇ ಇದ್ದರು. ೧೮೬೬ರಲ್ಲಿ ಲೆಪ್ಸಿಯಸ್ ಎಂಬ ಜರ್ಮನ್ ಪಂಡಿತನಿಗೆ ಗ್ರೀಕ್ ಪಾಠವೂ ಉಳ್ಳ ಮತ್ತೊಂದು ಶಾಸನವು ದೊರೆಯಿತು. ಶಾಂಪೋಲಿಯನ್ನನ ಕ್ರಮದಿಂದ ಚಿತ್ರಾಕ್ಷರಗಳನ್ನು ಓದಿದಾಗ ಅರ್ಥವು ಗ್ರೀಕಿನೊಡನೆ ಸರಿಹೊಂದಿತು, ವಿವಾದವು ಮುಗಿಯಿತು.

ಈ ಚರಿತ್ರೆಯಿಂದ ಗ್ರಹಿಸತಕ್ಕ ತಾತ್ಪರ್ಯವು ಸ್ಪಷ್ಟವಾಗಿದೆ. ಧರ್ಮ ಧರ್ಮಗಳ ಸಂವಾದವು ಸಭೆಯಲ್ಲಿ ಆಡುವ ಸವಿಮಾತುಗಳಿಂದ ಆಗುವುದಿಲ್ಲ. ಒಬ್ಬರ ಮಾತನ್ನು ಮತ್ತೊಬ್ಬರು ಶ್ರಮಪಟ್ಟು ಕಲಿಯುವುದರಿಂದ ಆಗುವುದು. ಶಾಂಪೋಲಿಯನ್ನನು ಈಜಿಪ್ತದ ದೇವತೆಗಳ ಭಕ್ತನಾಗಲಿಲ್ಲ, ನಿಂದಕನೂ ಆಗಲಿಲ್ಲ. ಅವರ ಭಕ್ತರು ಏನೆಂದರೆಂಬುದನ್ನು ಕೇಳಲು ಕಿವಿಯನ್ನು ಸಿದ್ಧಮಾಡಿಕೊಂಡನು. ಹಾಗೆ ಕೇಳುವುದಕ್ಕೆ ಆಧಾರವಾದುದು ಬಡ ಪಾದ್ರಿಯೊಬ್ಬನ ಬಾಯಲ್ಲಿ ಉಳಿದಿದ್ದ ಪ್ರಾರ್ಥನೆಯು. ಮನೆಗಳ ಅಟ್ಟದಲ್ಲಿ ಹುಳು ಹಿಡಿಯುತ್ತಿರುವ ತಾಳೆಗರಿಯ ಕಟ್ಟುಗಳನ್ನೂ, ಹಿರಿಯರ ನಾಲಗೆಯಲ್ಲಿರುವ ಪಾಠಗಳನ್ನೂ ಅಲಕ್ಷಿಸದೆ ಕಾಪಾಡುವುದು ಎಷ್ಟು ದೊಡ್ಡ ಕೈಂಕರ್ಯವೆಂಬುದನ್ನು ಭಕ್ತರು ಇದರಿಂದ ಮನಗಾಣಲಿ. ಅಂಥ ಜ್ಞಾನದಾಸೋಹದಲ್ಲಿ ಸರ್ವರಿಗೂ ಆಸಕ್ತಿಯುಂಟಾಗಲಿ, ಸರ್ವರಿಗೂ ಮಂಗಳವಾಗಲಿ.